ಒಂದೇ ಕಂಪ್ಯೂಟರಿನಲ್ಲಿ ಎರಡು ಪಾಳಿ

ಮಕ್ಕಳೇ, ಕೆಲವು ಊರುಗಳಲ್ಲಿ ಒಂದೇ ಕಟ್ಟಡದಲ್ಲಿ ಎರಡು ಶಾಲೆಗಳು ನಡೆಯುವುದನ್ನು ನೀವು ನೋಡಿರಬಹುದು. ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು. ಬೆಂಚು, ಕರಿಹಲಗೆ, ಗಂಟೆ, ನೀರಿನ ನಲ್ಲಿ ಎಲ್ಲವೂ ಅವೇ. ಆದರೆ ಮುಖ್ಯೋಪಾಧ್ಯಾಯರು ಬೇರೆ, ಹಾಜರಿ ಪುಸ್ತಕ ಬೇರೆ, ಬೀರು ಬೇರೆ. ಬೆಳಗಿನವರು ಬೀಗ ಹಾಕಿ ಹೋದ ಮೇಲೆಯೇ ಮಧ್ಯಾಹ್ನದವರು ಬರುತ್ತಾರೆ. ಒಂದು ಕಂಪ್ಯೂಟರಿನಲ್ಲೂ ಹೀಗೆ ಎರಡು ಪಾಳಿ ನಡೆಸಬಹುದು. ಅದು ಹೇಗೆ ಎಂದು ಈಗ ನೋಡೋಣ.

ಕಂಪ್ಯೂಟರಿನ ಮುಖ್ಯೋಪಾಧ್ಯಾಯರು ಯಾರು? ಅದೇ ಕಾರ್ಯಾಚರಣ ವ್ಯವಸ್ಥೆ. ಇದೂ ಒಂದು ತಂತ್ರಾಂಶವೇ. ಆದರೆ ಉಳಿದ ತಂತ್ರಾಂಶಗಳೆಲ್ಲ ಇದರ ಅಪ್ಪಣೆ ಪಡೆದೇ ಕೆಲಸ ಮಾಡಬೇಕು. ನೀವು ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಯಾವ ತಂತ್ರಾಂಶಕ್ಕೆ ಹೋಗಬೇಕು, ನೀವು ಬರೆದ ಚಿತ್ರ ಹಾರ್ಡ್ ಡಿಸ್ಕಿನ ಯಾವ ಜಾಗದಲ್ಲಿ ಕೂರಬೇಕು, ಯಾರಿಗೆ ಎಷ್ಟು ಸ್ಮೃತಿ ಕೊಡಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಇದೇ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ನಿಮಗೆ ಪರಿಚಯ ಇರುತ್ತದೆ. ಇನ್ನೊಂದು ಲಿನಕ್ಸ್. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಅದರ ತಿರುಳನ್ನು ಬರೆಯತೊಡಗಿದರು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳು ಆ ತಿರುಳಿನ ಜೊತೆ ಸೇರಿ ಅದು ಪೂರ್ಣ ವ್ಯವಸ್ಥೆಯಾಯಿತು. ಇದನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು. 2004ರಲ್ಲಿ ಮೊದಲು ಬಿಡುಗಡೆಯಾದ ಉಬುಂಟು, ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಇವೆಲ್ಲ ಲಿನಕ್ಸಿನ ಬೇರೆ ಬೇರೆ ರೂಪಗಳು.

ಒಂದು ಇರುವಾಗ ಎರಡೇಕೆ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡಿ. ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಜಾಗ ಮತ್ತು ಟಿಪಿಎಂ ಎಂಬ ಸುರಕ್ಷತಾ ವ್ಯವಸ್ಥೆಯ 2.0 ಆವೃತ್ತಿ ಬೇಕು. ಶಾಲೆಗಳಲ್ಲಿರುವ ಎಷ್ಟೋ ಹಳೆಯ ಯಂತ್ರಗಳಲ್ಲಿ ಈ ಕೊನೆಯದು ಇಲ್ಲ. ಯಂತ್ರವೇನೋ ಗಟ್ಟಿಯಾಗಿದೆ, ಅದನ್ನು ಗುಜರಿಗೆ ಹಾಕಬೇಕೆ? ಬೇಡ. ಲಿನಕ್ಸಿನ ಹಗುರ ರೂಪಗಳು ಇಂಥ ಯಂತ್ರದಲ್ಲೂ ನಡೆಯುತ್ತವೆ, ಅವುಗಳಿಗೆ ಸುರಕ್ಷತಾ ಪರಿಷ್ಕರಣೆಗಳೂ ಬರುತ್ತಿರುತ್ತವೆ. ಹಾಗೆಂದು ವಿಂಡೋಸನ್ನು ಪೂರ್ತಿ ಅಳಿಸಲೂ ಆಗದು. ಗುರುಗಳು ಹಲವು ವರ್ಷಗಳಿಂದ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಗಳು, ವಿಂಡೋಸ್‌ಗಾಗಿಯೇ ಬಂದ ಪಾಠದ ಸಿ.ಡಿ.ಗಳು ಅಲ್ಲಿಯೇ ಚೆನ್ನಾಗಿ ತೆರೆದುಕೊಳ್ಳುತ್ತವೆ. ಆದ್ದರಿಂದ ಅಂತರಜಾಲದ ಕೆಲಸಕ್ಕೆ ಲಿನಕ್ಸ್, ಹಳೆಯ ಕಡತಗಳಿಗೆ ವಿಂಡೋಸ್ ಎಂದು ಎರಡನ್ನೂ ಇಟ್ಟುಕೊಳ್ಳುವುದು ಜಾಣತನ. ಲಿನಕ್ಸಿನಲ್ಲಿ ಕನ್ನಡ ಬರುತ್ತದೆಯೇ ಎಂಬ ಅನುಮಾನ ಬೇಡ. ಕಗಪ ಕೀಲಿಮಣೆ ಅದರೊಳಗೇ ಇದೆ.

ಎರಡು ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿ ಇರಬೇಕಾದರೆ ಮೊದಲು ಜಾಗ ಭಾಗವಾಗಬೇಕು. ಅಣ್ಣ ತಮ್ಮಂದಿರು ಹೊಲ ಹಿಸ್ಸೆ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಹೊಲ ಒಂದೇ, ನಡುವೆ ಬದು. ಇವನು ರಾಗಿ ಬಿತ್ತುತ್ತಾನೆ, ಅವನು ಜೋಳ. ಬದು ದಾಟಿ ಉಳುವ ಹಾಗಿಲ್ಲ. ಡಿಸ್ಕಿನ ಇಂಥ ಒಂದೊಂದು ಹಿಸ್ಸೆಗೆ ಪಾರ್ಟಿಶನ್ ಎನ್ನುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ. ಡಿಸ್ಕಿನ ಮೇಲೆ 500 ಜಿಬಿ ಎಂದು ಬರೆದಿರುತ್ತದೆ. ವಿಂಡೋಸಿನಲ್ಲಿ ನೋಡಿದರೆ ಸುಮಾರು 465 ಜಿಬಿ ಎಂದು ತೋರಿಸುತ್ತದೆ. ಉಳಿದ 35 ಜಿಬಿಯನ್ನು ಅಂಗಡಿಯವರು ನುಂಗಿದರೇ? ಇಲ್ಲ. ಡಿಸ್ಕ್ ತಯಾರಿಸುವವರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಮಾತ್ರ 1024ನ್ನು ಮೂರು ಸಲ ಗುಣಿಸಿ ಬರುವ 107,37,41,824 ಬೈಟನ್ನು ಒಂದು ಜಿಬಿ ಎನ್ನುತ್ತದೆ. 500ನ್ನು 1.0737ರಿಂದ ಭಾಗಿಸಿ ನೋಡಿ, ಉತ್ತರ ಸಿಗುತ್ತದೆ. ಸೇರು ದೊಡ್ಡದಾದರೆ ಅದೇ ರಾಶಿ ಕಡಿಮೆ ಸೇರು ಅಳೆಯುತ್ತದೆ, ಅಷ್ಟೆ. ಈ 465ರಲ್ಲಿ ಲಿನಕ್ಸಿಗೆ 60 ಜಿಬಿ ಬಿಟ್ಟುಕೊಟ್ಟರೆ ಶಾಲೆಯ ಕೆಲಸಕ್ಕೆ ಧಾರಾಳ.

ಹೊಲಕ್ಕೆ ಪಹಣಿ ಇದ್ದ ಹಾಗೆ ಡಿಸ್ಕಿಗೂ ಒಂದು ದಾಖಲೆ ಇದೆ. ಯಾವ ಹಿಸ್ಸೆ ಎಲ್ಲಿಂದ ಶುರು, ಎಷ್ಟು ಉದ್ದ ಎಂದು ಅದರಲ್ಲಿ ಬರೆದಿರುತ್ತದೆ. ಹಳೆಯ ಪದ್ಧತಿಯಲ್ಲಿ ಈ ಪಟ್ಟಿಗೆ ಡಿಸ್ಕಿನ ಮೊಟ್ಟಮೊದಲ ತುಣುಕಿನಲ್ಲಿ ಕೇವಲ 64 ಬೈಟ್ ಜಾಗ. ಒಂದು ಹಿಸ್ಸೆಯ ವಿವರಕ್ಕೆ 16 ಬೈಟ್. ಹಾಗಾದರೆ ನಾಲ್ಕೇ ಮುಖ್ಯ ಹಿಸ್ಸೆಗಳು ಸಾಧ್ಯ. ಹೊಸ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಹಿಸ್ಸೆಗಳವರೆಗೆ ಬರೆಯಬಹುದು, ಜೊತೆಗೆ ಪಟ್ಟಿಯ ಒಂದು ನಕಲನ್ನು ಡಿಸ್ಕಿನ ತುದಿಯಲ್ಲಿಯೂ ಇಟ್ಟಿರುತ್ತಾರೆ. ಮೊದಲಿನದು ಕೆಟ್ಟರೆ ಕೊನೆಯದು ಇದೆ ಎಂಬ ಧೈರ್ಯ.

ಈ ಪಟ್ಟಿ ಎಷ್ಟು ಮುಖ್ಯ ಎಂದು ತಿಳಿಯಲು ಒಂದು ಚಟುವಟಿಕೆ ಮಾಡಿ ನೋಡಿ. 100 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ '2ರಿಂದ 60 ನನ್ನದು, 61ರಿಂದ 100 ಗೆಳತಿಯದು' ಎಂದು ಬರೆಯಿರಿ. ಇಬ್ಬರೂ ಹೆಸರು ಹಾಕದೆ, ನಿಮ್ಮಿಬ್ಬರಿಗೇ ಗೊತ್ತಿರುವ ಗುಪ್ತ ಲಿಪಿಯಲ್ಲಿ ನಿಮ್ಮ ನಿಮ್ಮ ಪುಟಗಳಲ್ಲಿ ಬರೆಯಿರಿ. ಈಗ ಮೊದಲ ಪುಟ ಹರಿದು ಮೂರನೆಯ ಗೆಳೆಯನಿಗೆ ಪುಸ್ತಕ ಕೊಡಿ. ಬರಹ ಎಲ್ಲವೂ ಹಾಗೆಯೇ ಇದೆ. ಆದರೆ ಯಾವುದು ಯಾರದು, ಎಲ್ಲಿಂದ ಓದಬೇಕು ಎಂದು ಅವನಿಗೆ ತಿಳಿಯುವುದಿಲ್ಲ. ಖಾಲಿ ಪುಟ ಎಂದುಕೊಂಡು ಅವನು ಅದರ ಮೇಲೆಯೇ ಬರೆದುಬಿಟ್ಟರೆ? ಡಿಸ್ಕಿನ ಪಟ್ಟಿ ಅಳಿದಾಗ ಆಗುವುದೂ ಇದೇ. ಅದಕ್ಕೇ ಹಿಸ್ಸೆ ಮಾಡುವ ಕೆಲಸಕ್ಕೆ ದೊಡ್ಡವರೂ ಹೆದರುತ್ತಾರೆ.

ಹಿಸ್ಸೆ ಆಯಿತು ಎನ್ನೋಣ. ಇನ್ನು ನನಗೆ ಬಹಳ ಇಷ್ಟವಾದ ಭಾಗ. ಸ್ವಿಚ್ ಒತ್ತಿದ ಕ್ಷಣದಲ್ಲಿ ಯಂತ್ರದೊಳಗೆ ಏನಾಗುತ್ತದೆ? ಕಾರ್ಯಾಚರಣ ವ್ಯವಸ್ಥೆ ಇರುವುದು ಡಿಸ್ಕಿನಲ್ಲಿ. ಅದನ್ನು ಡಿಸ್ಕಿನಿಂದ ಓದಿ ಸ್ಮೃತಿಗೆ ತರಬೇಕು. ಆದರೆ ಡಿಸ್ಕನ್ನು ಓದುವ ಕೆಲಸ ಕಾರ್ಯಾಚರಣ ವ್ಯವಸ್ಥೆಯದು! ಬೀಜ ಮೊದಲೋ ಮರ ಮೊದಲೋ ಎಂಬ ಹಾಗಾಯಿತಲ್ಲ?

ಈ ಕಗ್ಗಂಟನ್ನು ಎಂಜಿನಿಯರುಗಳು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದ್ದಾರೆ. ಕಂಪ್ಯೂಟರಿನ ಮುಖ್ಯ ಫಲಕದ ಮೇಲೆ ಒಂದು ಪುಟ್ಟ ಚಿಪ್ ಇದೆ. ವಿದ್ಯುತ್ ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಅದರೊಳಗಿನ ಪುಟ್ಟ ತಂತ್ರಾಂಶಕ್ಕೆ ಹಳೆಯ ಯಂತ್ರಗಳಲ್ಲಿ ಬಯಾಸ್ ಎಂದು ಹೆಸರು. ಎಚ್ಚರವಾದ ಕೂಡಲೇ ಅದು ಸ್ಮೃತಿ ಇದೆಯೇ, ಕೀಲಿಮಣೆ ಇದೆಯೇ ಎಂದು ಹಾಜರಿ ಕೂಗುತ್ತದೆ. ಆಮೇಲೆ ಡಿಸ್ಕಿನ ಮೊದಲ 512 ಬೈಟನ್ನು ಮಾತ್ರ ಓದುತ್ತದೆ. ಅದಕ್ಕಿಂತ ಹೆಚ್ಚಿನದು ಅದಕ್ಕೆ ಗೊತ್ತಿಲ್ಲ. 512ರಲ್ಲಿ ಪಟ್ಟಿಗೆ 64 ಹೋಯಿತು. ಕೊನೆಯ 2 ಬೈಟ್ 'ಇದು ಚಾಲನೆಗೆ ಯೋಗ್ಯ' ಎಂಬ ಮುದ್ರೆ. ಉಳಿದದ್ದು 446. ಯೂನಿಕೋಡ್ ಕನ್ನಡದಲ್ಲಿ ಒಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಅಂದರೆ ನಿಮ್ಮ ಪಾಠದ ಮೂರು ನಾಲ್ಕು ಸಾಲು ಹಿಡಿಸುವಷ್ಟು ಜಾಗ! ಅಷ್ಟರಲ್ಲಿ ಇಡೀ ವಿಂಡೋಸನ್ನು ಎಬ್ಬಿಸುವುದು ಹೇಗೆ? ಆಗುವುದಿಲ್ಲ. ಆದ್ದರಿಂದ ಆ 446 ಬೈಟಿನಲ್ಲಿ ಇರುವುದು ಒಂದೇ ಸೂಚನೆ: 'ನನಗಿಂತ ದೊಡ್ಡವನು ಇಂಥ ಕಡೆ ಮಲಗಿದ್ದಾನೆ, ಅವನನ್ನು ಎಬ್ಬಿಸು.' ಅವನು ಎದ್ದು ಇನ್ನೂ ದೊಡ್ಡವನನ್ನು ಎಬ್ಬಿಸುತ್ತಾನೆ. ಹೀಗೆ ಸಣ್ಣವರು ದೊಡ್ಡವರನ್ನು ಎಬ್ಬಿಸುತ್ತಾ ಹೋಗುವ ಕ್ರಿಯೆಗೇ ಬೂಟ್ ಎಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಎಂಬ ಇಂಗ್ಲಿಷ್ ಮಾತಿನಿಂದ ಅದು ಬಂದಿದೆ.

ನಡುವಿನ ಈ ಎಬ್ಬಿಸುವವನೇ ಬೂಟ್ ಲೋಡರ್. ಎರಡು ಪಾಳಿಯ ಗುಟ್ಟು ಇರುವುದು ಇವನ ಕೈಯಲ್ಲಿ. ಲಿನಕ್ಸಿನ ಜೊತೆ ಬರುವ ಗ್ರಬ್ ಎಂಬ ಬೂಟ್ ಲೋಡರ್ ನೇರವಾಗಿ ಯಾರನ್ನೂ ಎಬ್ಬಿಸದೆ ಪರದೆಯ ಮೇಲೆ ಒಂದು ಪಟ್ಟಿ ತೋರಿಸುತ್ತದೆ. ಒಂದು ಸಾಲಿನಲ್ಲಿ ಉಬುಂಟು, ಇನ್ನೊಂದರಲ್ಲಿ ವಿಂಡೋಸ್. ಬಾಣದ ಗುರುತಿನ ಕೀಲಿಯಿಂದ ಆಯ್ದು ಎಂಟರ್ ಒತ್ತಿದರೆ ಅದೇ ಏಳುತ್ತದೆ. ಸುಮ್ಮನಿದ್ದರೆ ಕೆಲವು ಸೆಕೆಂಡು ಕಾದು ಮೊದಲನೆಯದನ್ನು ಎಬ್ಬಿಸುತ್ತದೆ. ಇನ್ನೊಂದು ವ್ಯವಸ್ಥೆ ಬೇಕೆಂದರೆ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಬೇಕು. ಇಬ್ಬರೂ ಒಟ್ಟಿಗೆ ಇರುವಂತಿಲ್ಲ. ಒಂದರೊಳಗೆ ಇನ್ನೊಂದನ್ನು ಅತಿಥಿಯಾಗಿ ಓಡಿಸುವ ಬೇರೊಂದು ಉಪಾಯ ಇದೆ. ಆದರೆ ಸ್ಮೃತಿಯನ್ನು ಇಬ್ಬರಿಗೂ ಹಂಚಬೇಕಾದ್ದರಿಂದ 4 ಜಿಬಿ ಯಂತ್ರಕ್ಕೆ ಅದು ಭಾರ.

ಇತ್ತೀಚಿನ ಯಂತ್ರಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅದಕ್ಕೆ 512 ಬೈಟಿನ ಇಕ್ಕಟ್ಟು ಇಲ್ಲ. ಡಿಸ್ಕಿನಲ್ಲಿ ಅದಕ್ಕೆಂದೇ ಒಂದು ಪುಟ್ಟ ಹಿಸ್ಸೆ ಇದ್ದು, ಪ್ರತಿ ವ್ಯವಸ್ಥೆಯೂ ತನ್ನ ಎಬ್ಬಿಸುವವನನ್ನು ಅಲ್ಲಿ ಬೇರೆ ಬೇರೆ ಕೋಣೆಯಲ್ಲಿ ಇಡುತ್ತದೆ. ಬಯಾಸ್ ಕಾಲದಲ್ಲಿ ಕುರ್ಚಿ ಒಂದೇ. ಲಿನಕ್ಸ್ ಇದ್ದ ಯಂತ್ರಕ್ಕೆ ಆಮೇಲೆ ವಿಂಡೋಸ್ ಹಾಕಿದರೆ ಅದು ಗ್ರಬ್ಬನ್ನು ಎಬ್ಬಿಸಿ ಕಳಿಸಿ ತಾನೇ ಕೂರುತ್ತಿತ್ತು, ಲಿನಕ್ಸಿನ ಹೆಸರನ್ನೂ ಎತ್ತುತ್ತಿರಲಿಲ್ಲ. ಲಿನಕ್ಸ್ ಹಾಗಲ್ಲ, ಮೊದಲೇ ಇದ್ದ ವಿಂಡೋಸನ್ನು ಹುಡುಕಿ ಪಟ್ಟಿಗೆ ಸೇರಿಸುತ್ತದೆ. ಅದಕ್ಕೇ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಕ್ರಮ ರೂಢಿಗೆ ಬಂತು.

ನಿಮ್ಮ ಶಾಲೆಯಲ್ಲಿ ಈ ಕೆಲಸ ಮಾಡುವಾಗ ಗುರುಗಳ ಪಕ್ಕದಲ್ಲಿ ನಿಂತು ನೋಡಿ. ನೀವೇ ಮಾಡಲು ಹೋಗಬೇಡಿ. ಮೊದಲ ಕೆಲಸ, ಬೇಕಾದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿ, ಆ ನಕಲು ತೆರೆಯುತ್ತದೆಯೇ ಎಂದು ನೋಡುವುದು. ಆಮೇಲೆ ವಿಂಡೋಸಿನ ಒಳಗಿನಿಂದಲೇ ಅದರ ಹಿಸ್ಸೆಯನ್ನು ಕಿರಿದು ಮಾಡಬೇಕು. ತನ್ನ ಕಡತಗಳು ಎಲ್ಲೆಲ್ಲಿ ಕೂತಿವೆ ಎಂದು ಅದಕ್ಕೇ ಚೆನ್ನಾಗಿ ಗೊತ್ತು. ಯುಪಿಎಸ್ ಇಲ್ಲದ ಕಡೆ ಈ ಕೆಲಸ ಬೇಡವೇ ಬೇಡ. ಹಿಸ್ಸೆ ಬದಲಾಗುವ ನಡುವೆ ಕರೆಂಟು ಹೋದರೆ ಅರ್ಧ ಕಿತ್ತ ಬದುವಿನ ಗತಿ ಆಗುತ್ತದೆ. ಮುಂದೆ, ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೆ ಡಿಸ್ಕನ್ನು ಮುಟ್ಟದೆಯೇ ಅದನ್ನು ಓಡಿಸಿ ನೋಡಬಹುದು. ಪರದೆ, ಧ್ವನಿ, ಪ್ರಿಂಟರ್ ಸರಿಯಿದ್ದರೆ ಮಾತ್ರ ಮುಂದುವರಿಯುವುದು.

ಆಗ ಒಂದು ಪ್ರಶ್ನೆ ಬರುತ್ತದೆ: ವಿಂಡೋಸ್ ಜೊತೆಗೆ ಸ್ಥಾಪಿಸಬೇಕೋ, ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸಬೇಕೋ? ಎರಡೂ ಆಯ್ಕೆಗಳು ಒಂದರ ಕೆಳಗೆ ಒಂದು ಇರುತ್ತವೆ. ಒಂದು ಶಾಲೆಯಲ್ಲಿ ಅವಸರಕ್ಕೆ ಎರಡನೆಯದನ್ನು ಒತ್ತಿ ಶಾಲಾ ವಾರ್ಷಿಕೋತ್ಸವದ ಅಷ್ಟೂ ವರ್ಷಗಳ ಫೋಟೋಗಳು ಹೋದವು. ನಕಲು ಇರಲಿಲ್ಲ. ಇಲ್ಲಿ ಓದಿ ಒತ್ತಬೇಕು, ಒತ್ತಿ ಓದಬಾರದು.

ಎರಡೂ ನೆಲೆಯಾದ ಮೇಲೆ ಕಡತ ಇಡುವ ರೀತಿ ಬೇರೆ ಬೇರೆ ಎಂದು ನೆನಪಿಡಿ. ಲಿನಕ್ಸಿಗೆ ವಿಂಡೋಸಿನ ಹಿಸ್ಸೆಯನ್ನು ಓದಲು ಬರೆಯಲು ಬರುತ್ತದೆ, ವಿಂಡೋಸಿಗೆ ಲಿನಕ್ಸಿನದು ತಾನಾಗಿ ಬರುವುದಿಲ್ಲ. ಇಬ್ಬರಿಗೂ ಬೇಕಾದ ಕಡತ ವಿಂಡೋಸಿನ ಕಡೆಯೇ ಇರಲಿ. ಆದರೆ ವಿಂಡೋಸಿನಲ್ಲಿ ಬೇಗ ಚಾಲೂ ಆಗುವ ಸೌಲಭ್ಯ ಇದ್ದರೆ, ಆರಿಸಿದಾಗಲೂ ಅದು ಪೂರ್ತಿ ಬಾಗಿಲು ಹಾಕದೆ ಅರೆನಿದ್ದೆಯಲ್ಲಿ ಇರುತ್ತದೆ. ಆಗ ಲಿನಕ್ಸ್ ಆ ಹಿಸ್ಸೆಯಲ್ಲಿ ಬರೆಯಲು ಒಪ್ಪುವುದಿಲ್ಲ. ಆ ಸೌಲಭ್ಯವನ್ನು ನಿಲ್ಲಿಸಿದರೆ ಸರಿಹೋಗುತ್ತದೆ.

ಕೊನೆಗೆ ಒಂದು ಮೋಜು. ಎರಡು ವ್ಯವಸ್ಥೆ ಹಾಕಿದ ಯಂತ್ರದಲ್ಲಿ ಕೆಲವೊಮ್ಮೆ ಗಡಿಯಾರ ತಪ್ಪುತ್ತದೆ. ಬೆಳಿಗ್ಗೆ 10.30ಕ್ಕೆ ಲಿನಕ್ಸ್ ಮುಗಿಸಿ ವಿಂಡೋಸಿಗೆ ಹೋದರೆ ಅದು ಬೆಳಗಿನ ಜಾವ 5 ಗಂಟೆ ಎನ್ನುತ್ತದೆ! ಯಂತ್ರದ ಒಳಗೆ ಗುಂಡಿಯಂಥ ಬ್ಯಾಟರಿಯಿಂದ ನಡೆಯುವ ಒಂದು ಗಡಿಯಾರ ಇದೆ. ಲಿನಕ್ಸ್ ಅದರಲ್ಲಿ ಜಾಗತಿಕ ಪ್ರಮಾಣ ವೇಳೆಯನ್ನು ಇಟ್ಟು, ತೋರಿಸುವಾಗ ಭಾರತದ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ವಿಂಡೋಸ್ ಅದರಲ್ಲಿ ಇರುವುದೇ ಊರಿನ ವೇಳೆ ಎಂದು ನಂಬುತ್ತದೆ. ಗಡಿಯಾರ ಕೆಟ್ಟಿಲ್ಲ, ಇಬ್ಬರು ಓದುವ ರೀತಿ ಬೇರೆ. ಲಿನಕ್ಸಿಗೆ 'ನೀನೂ ಊರಿನ ವೇಳೆಯನ್ನೇ ಇಡು' ಎಂದು ಒಮ್ಮೆ ಹೇಳಿದರೆ ಸಾಕು.

ಈಗ ನಿಮಗೆ ಎರಡು ಲೆಕ್ಕ. ವಿಂಡೋಸ್ ಬೆಳಿಗ್ಗೆ 10.30 ಎಂದು ಇಟ್ಟುಹೋದ ಗಡಿಯಾರವನ್ನು ಲಿನಕ್ಸ್ ತನ್ನ ರೀತಿಯಲ್ಲಿ ಓದಿದರೆ ಪರದೆಯ ಮೇಲೆ ಎಷ್ಟು ಗಂಟೆ ಕಾಣುತ್ತದೆ? ನೇಪಾಳದ ವೇಳೆ ನಮಗಿಂತ 15 ನಿಮಿಷ ಮುಂದಿದೆ. ಅಲ್ಲಿನ ಶಾಲೆಯ ಯಂತ್ರದಲ್ಲಿ ಲಿನಕ್ಸಿನ ನಂತರ ವಿಂಡೋಸ್ ತೆರೆದಾಗ ಗಡಿಯಾರ ಎಷ್ಟು ಹಿಂದೆ ಬೀಳುತ್ತದೆ?