ಬೀಜ ಮತ್ತು ಬಿತ್ತುವವನ ಹೊಣೆ



ಮಲಪ್ರಭೆಯ ದಂಡೆಯ ನಮ್ಮ ಐಹೊಳೆ-ಹುನಗುಂದ ಸೀಮೆಯ ಎರೆಹೊಲಗಳಿಗೆ ಹತ್ತಿ ಹೊಸದಲ್ಲ; ಬೀಜ ಮಾತ್ರ ಹೊಸದಾಗಿದೆ. ಮೊನ್ನೆ ಮಠಕ್ಕೆ ಬಂದ ರೈತರೊಬ್ಬರು, "ಅಜ್ಜಾರ, ಈ ಕುಲಾಂತರಿ ಬೀಜ ಬಿತ್ತೂದು ಪಾಪ ಏನ್ರಿ?" ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ.

ಒಂದು ಕುಲದ ಗುಣವನ್ನು ಬೇರೊಂದು ಕುಲದಲ್ಲಿ ಸೇರಿಸುವದೇ ಕುಲಾಂತರ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣುವು ಕೆಲವು ಹುಳುಗಳ ಕರುಳನ್ನು ಕೆಡಿಸುವ ವಸ್ತುವನ್ನು ಉಂಟುಮಾಡುತ್ತದೆ. ಆ ಗುಣದ ವಂಶವಾಹಿಯನ್ನು ಹತ್ತಿಗೆ ಕೂಡಿಸಿದರೆ, ಕಾಯಿಕೊರಕವನ್ನು ಗಿಡವೇ ಕೊಲ್ಲುತ್ತದೆ. ಇದೇ ಬಿ.ಟಿ. ಹತ್ತಿ. 1998ರಲ್ಲಿ ರಾಯಚೂರು ಸೀಮೆಯಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಇದರ ಪ್ರಯೋಗದ ಬೆಳೆಯನ್ನು ಸುಟ್ಟರು. 2002ರಲ್ಲಿ ಕೇಂದ್ರ ಸರಕಾರ ಅನುಮತಿ ಕೊಟ್ಟಿತು.

ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವದು ಕಡಿಮೆಯಾಯಿತು. ಈ ಮಾತನ್ನು ಮರೆಮಾಚಬಾರದು. ಆಳಿನ ಮೈಮೇಲೆ ವಿಷ ಬೀಳುವದು ತಪ್ಪಿದರೆ ಅದೂ ಜೀವದಯೆಯೇ.

ಆದರೆ 450 ಗ್ರಾಂ ಬಿ.ಟಿ. ಬೀಜದ ಸಂಗಡ 120 ಗ್ರಾಂ ಸಾದಾ ಹತ್ತಿಬೀಜವನ್ನೂ ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಬೇಕೆಂಬುದು ಆಗಿನ ನಿಯಮವಾಗಿತ್ತು. ಅದು ಹುಳುವಿಗೆ ಬಿಟ್ಟ ಪಾಲು. ಅಲ್ಲಿ ಬದುಕಿದ ಸಾದಾ ಹುಳು, ವಿಷಕ್ಕೆ ಬಗ್ಗದ ಹುಳುವಿನೊಡನೆ ಕೂಡಿದರೆ, ಅದರ ಮರಿಗಳು ಬಹುಮಟ್ಟಿಗೆ ಮತ್ತೆ ವಿಷಕ್ಕೆ ಬಗ್ಗುತ್ತವೆ. ಬಹಳ ಮಂದಿ ಆ ಬೀಜವನ್ನು ಬಿತ್ತಲಿಲ್ಲ, "ಹುಳುವಿಗೇಕೆ ನೆಲ?" ಎಂದರು. ಇದೊಂದೇ ಕಾರಣವಲ್ಲವಾದರೂ, 2015ರ ಹೊತ್ತಿಗೆ ಗುಲಾಬಿ ಕಾಯಿಕೊರಕವು ಎರಡು ವಂಶವಾಹಿಗಳ ಹತ್ತಿಯನ್ನೂ ತಿನ್ನತೊಡಗಿತು. ಒಬ್ಬರ ಹೊಲದಲ್ಲಿ ಬಲಿತ ಹುಳು ನೆರೆಯವರ ಬದುವನ್ನು ಕೇಳಿ ದಾಟುವದಿಲ್ಲ.

ಬದನೆಯ ಸಂಗತಿಯನ್ನೂ ನೋಡಿರಿ. ಬಿ.ಟಿ. ಬದನೆಯನ್ನು ಸಿದ್ಧಪಡಿಸಿದವರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಹಿರಂಗ ಸಭೆ ಕೂಡಿಸಿ, ಬೆಳೆಯುವವರನ್ನೂ ಉಣ್ಣುವವರನ್ನೂ ಕೇಳಿದರು. ಅದೇ ತಿಂಗಳ 9ರಂದು ಕೇಂದ್ರ ಸಚಿವರು ಅದನ್ನು ತಡೆಹಿಡಿದರು. ಅನ್ನಕ್ಕೆ ಸಂಬಂಧಿಸಿದ್ದನ್ನು ಉಣ್ಣುವವರನ್ನು ಕೇಳಿಯೇ ಮಾಡಬೇಕು.

ಆ ರೈತರಿಗೆ ನಾವು ಹೇಳಿದೆವು: "ತಮ್ಮಾ, ಪಾಪ ಬೀಜದಲ್ಲಿಲ್ಲ. ತಿಳಿಯದೆ ಬಿತ್ತುವದರಲ್ಲಿ, ತಿಳಿಸದೆ ಮಾರುವದರಲ್ಲಿ, ನೆರೆಯವನನ್ನು ಮರೆಯುವದರಲ್ಲಿ ಅದೆ. ಈ ಸಂಕರ ಬೀಜವನ್ನು ವರ್ಷವರ್ಷವೂ ಕೊಳ್ಳಬೇಕು. ನಮ್ಮ ಜಯಧರ ಹತ್ತಿಯ ಬೀಜವನ್ನು ಮನೆಯಲ್ಲಿಯೇ ಕಾಯ್ದಿಡಬಹುದು. ನಾಲ್ಕು ಸಾಲಾದರೂ ಅದನ್ನು ಉಳಿಸು."

ಹೊಲದ ದುಡಿಮೆ ಕಾಯಕವಾಗಬೇಕಾದರೆ ಇಷ್ಟು ವಿಚಾರ ಅದರಲ್ಲಿ ಇರಲೇಬೇಕು.