ಕೆರೆ: ಲೇಕೋ, ಟ್ಯಾಂಕೋ?

ಜಕ್ಕೂರಿನ ಕೆರೆಯ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಿರಿ ಎಂದರೆ ಮಕ್ಕಳಿಗೆ ಮೊದಲ ಸಾಲಿನಲ್ಲೇ ತೊಡಕು. ಕೆರೆಗೆ ಲೇಕ್ ಎನ್ನಬೇಕೋ, ಟ್ಯಾಂಕ್ ಎನ್ನಬೇಕೋ? ಟ್ಯಾಂಕ್ ಎಂದರೆ ಮನೆ ಮೇಲಿನ ನೀರಿನ ತೊಟ್ಟಿಯೆಂದು ಯಾರಾದರೂ ನಕ್ಕಾರು ಎಂಬ ಅಳುಕು. ಕೊನೆಗೆ ಲೇಕ್ ಎಂದೇ ಬರೆದುಬಿಡುತ್ತಾರೆ.

ಎರಡೂ ತಪ್ಪಲ್ಲ, ಆದರೆ ಎರಡೂ ಒಂದೇ ಅಲ್ಲ. ಲೇಕ್ ಎಂದರೆ ನೆಲದಿಂದ ಸುತ್ತುವರಿದ ವಿಶಾಲ ಜಲರಾಶಿ. ಸಾಮಾನ್ಯವಾಗಿ ಅದು ಪ್ರಕೃತಿ ನಿರ್ಮಿತ. ಕಾಶ್ಮೀರದ ವುಲರ್ ಸರೋವರದಂತೆ. ನಮ್ಮ ಕೆರೆ ಹಾಗಲ್ಲ. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಹೆಚ್ಚಾದ ನೀರು ಹರಿಯಲು ಕೋಡಿ ಬಿಟ್ಟು ಜನ ಕಟ್ಟಿದ್ದು. ಇದಕ್ಕೆ ಇಂಗ್ಲಿಷರು ಭಾರತದಲ್ಲಿ ಬಳಸಿದ ಪದವೇ ಟ್ಯಾಂಕ್. ಬೆಂಗಳೂರಿನಲ್ಲಿ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗೆ ಇಂದಿಗೂ ಸ್ಯಾಂಕಿ ಟ್ಯಾಂಕ್ ಎಂದೇ ಹೆಸರು. ಯುದ್ಧದ ಟ್ಯಾಂಕ್ ಬಂದದ್ದು ಬಹಳ ಈಚೆಗೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆ ವಾಹನವನ್ನು ನೀರಿನ ತೊಟ್ಟಿಯೆಂದು ಹೇಳಿ ಗುಟ್ಟಾಗಿ ತಯಾರಿಸಿ, 1916ರಲ್ಲಿ ರಣರಂಗಕ್ಕೆ ಇಳಿಸಿದರು.

ಇದೇ ಬಳಗದ ಇನ್ನೂ ನಾಲ್ಕು ಪದಗಳಿವೆ. ಪಾಂಡ್ ಎಂದರೆ ಚಿಕ್ಕದು, ನಮ್ಮ ಕುಂಟೆ. ಡ್ಯಾಮ್ ಎಂದರೆ ಅಡ್ಡಗಟ್ಟೆ ಮಾತ್ರ. ಅದರ ಹಿಂದೆ ನಿಂತ ನೀರು ರಿಸರ್ವಾಯರ್, ಅಂದರೆ ಜಲಾಶಯ. ಕನ್ನಂಬಾಡಿಯಲ್ಲಿ ತುಂಬುವುದು ರಿಸರ್ವಾಯರ್, ಡ್ಯಾಮ್ ಅಲ್ಲ. ಏರಿಗೆ ಇಂಗ್ಲಿಷಿನಲ್ಲಿ ಬಂಡ್.

ಪೋಷಕರು ಇದನ್ನು ಬರೀ ಅಂಕದ ಮಾತೆಂದು ತಿಳಿಯಬೇಕಿಲ್ಲ. ಲೇಕ್ ಎಂದಾಗ ಕಣ್ಣಿಗೆ ಬರುವುದು ನೀರೊಂದೇ. ಟ್ಯಾಂಕ್ ಎಂದರೆ ಏರಿ, ತೂಬು, ಕೋಡಿ, ನೀರು ತರುವ ಕಾಲುವೆ ಎಲ್ಲವೂ ನೆನಪಾಗಬೇಕು. ಜಕ್ಕೂರು ಕೆರೆಗೆ ಮಳೆನೀರಿನ ಜೊತೆ ಶುದ್ಧೀಕರಿಸಿದ ಚರಂಡಿ ನೀರೂ ಬರುತ್ತದೆ. ತುಂಬಿದರೆ ರಾಚೇನಹಳ್ಳಿ ಕೆರೆಯತ್ತ ಹರಿಯುತ್ತದೆ. ನಡುವಿನ ಕಾಲುವೆ ಮುಚ್ಚಿದರೆ ಕೆಳಗಿನ ಕೆರೆ ಒಣಗೀತು, ಮೇಲಿನ ಬಡಾವಣೆಗೆ ನೀರು ನುಗ್ಗೀತು.

ಸರ್ಕಾರಕ್ಕೂ ಈ ಪದಗಳ ಗೊಂದಲ ತಪ್ಪಲಿಲ್ಲ. 2014ರ ಕೆರೆ ಸಂರಕ್ಷಣಾ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಮೊದಲು ಇದ್ದದ್ದು ಲೇಕ್. 2018ರ ತಿದ್ದುಪಡಿಯಲ್ಲಿ ಅದು ಟ್ಯಾಂಕ್ ಆಯಿತು. ಕನ್ನಡದಲ್ಲಿ ಎರಡಕ್ಕೂ ಕೆರೆ ಎಂದರೆ ಸಾಕು.

ಹಾಗಾದರೆ ಬರೆಯುವುದು ಹೇಗೆ? ಜಕ್ಕೂರ್ ಲೇಕ್ ಎಂಬುದು ರೂಢಿಯ ಹೆಸರು, ಹಾಗೆಯೇ ಬರೆಯಿರಿ. ಅದು ಎಂಥದ್ದು ಎಂದು ವಿವರಿಸುವಾಗ ಟ್ಯಾಂಕ್ ಎನ್ನಿ. ಸಂಶಯ ಬರುವಂತಿದ್ದರೆ ಇರಿಗೇಷನ್ ಟ್ಯಾಂಕ್ ಎನ್ನಿ.

ಮುಂದಿನ ಸಲ ಮೆಜೆಸ್ಟಿಕ್‌ಗೆ ಹೋದಾಗ ಮಕ್ಕಳಿಗೆ ಟ್ಯಾಂಕ್ ಬಂಡ್ ರಸ್ತೆಯ ಫಲಕ ತೋರಿಸಿ, ಟ್ಯಾಂಕ್ ಎಲ್ಲಿ ಎಂದು ಕೇಳಿ. ಅಲ್ಲಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಈಗ ಬಸ್ಸುಗಳು ನಿಂತಿವೆ.