ನಿಮಗಿದು ಗೊತ್ತೇ? ಹಲ್ಲಿನ ಇಂಜೆಕ್ಷನ್ನಿಗೂ ವಂಶಕ್ಕೂ ನಂಟಿದೆ!

ಶಿವಮೊಗ್ಗದ ಕೋಟೆ ರಸ್ತೆಯಿರಲಿ, ಭದ್ರಾವತಿಯಿರಲಿ, ಹಲ್ಲು ಕೀಳುವ ಮುನ್ನ ದವಡೆಗೆ ಚುಚ್ಚುವ ಮದ್ದು ಬಹುಪಾಲು ಒಂದೇ: ಲಿಗ್ನೋಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು. ನರತಂತುವಿನ ಸೋಡಿಯಂ ಬಾಗಿಲುಗಳನ್ನು ಅದು ಮುಚ್ಚುತ್ತದೆ, ನೋವಿನ ಸುದ್ದಿ ಮಿದುಳಿಗೆ ಹೋಗುವುದಿಲ್ಲ. ಅಜ್ಜಿ ಹುಳುಕು ಹಲ್ಲಿಗೆ ಒತ್ತುತ್ತಿದ್ದ ಲವಂಗದ ಯೂಜಿನಾಲ್ ಕೂಡ ಇದೇ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಆ ಬಾಗಿಲುಗಳನ್ನು ಕಟ್ಟುವುದು ವಂಶವಾಹಿಗಳು. ಎಸ್‌ಸಿಎನ್9ಎ ಎಂಬುದು ಪೂರ್ತಿ ಕೆಟ್ಟರೆ ಹುಟ್ಟಿನಿಂದಲೇ ನೋವು ತಿಳಿಯದು. 2006ರಲ್ಲಿ ಪಾಕಿಸ್ತಾನದ ಉತ್ತರ ಭಾಗದ ಕೆಲವು ಕುಟುಂಬಗಳಲ್ಲಿ ಇದು ಪತ್ತೆಯಾಯಿತು.

ಕೆಂಗೂದಲೂ ವಂಶದಿಂದ ಬರುವಂಥದ್ದೇ. ಅಂಥ ಕೂದಲಿನವರ ಚರ್ಮದಡಿ ಲಿಗ್ನೋಕೇನ್ ಸರಿಯಾಗಿ ನಾಟುವುದಿಲ್ಲ ಎಂದು 2005ರ ಅಧ್ಯಯನವೊಂದು ಹೇಳಿತ್ತು. ದವಡೆಯ ನರದಲ್ಲೂ ಹಾಗೆಯೇ ಎಂದು ನೋಡಲು ಹೊರಟ 2012ರ ಅಧ್ಯಯನಕ್ಕೆ ಅಂಥ ನಂಟು ಸಿಗಲಿಲ್ಲ. ಹಲ್ಲಿನ ಡಾಕ್ಟರೆಂದರೆ ಹೆದರಿಕೆ ಮಾತ್ರ ಅವರಲ್ಲಿ ಹೆಚ್ಚಿತ್ತು.

ನಮ್ಮೂರಿಗೆ ಹತ್ತಿರದ ಕತೆ ಬೇರೆಯೇ ಇದೆ. ಅದು ಆರ್ಯವೈಶ್ಯರದು. ರಕ್ತದಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ, ಅದು ಕೆಲವು ಮದ್ದುಗಳನ್ನು ಚೂರು ಮಾಡಿ ಹಾಕುತ್ತದೆ. ಈ ಸಮುದಾಯದ ಕೆಲವರಲ್ಲಿ ಆ ಕಿಣ್ವದ 307ನೇ ಜಾಗದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಕೂತಿದೆ ಎಂದು 2006ರಲ್ಲಿ ವರದಿಯಾಯಿತು. ಒಂದೇ ಒಂದು ಅಕ್ಷರ ತಪ್ಪಿದಂತೆ! ತಂದೆ, ತಾಯಿ ಇಬ್ಬರಿಂದಲೂ ಅದೇ ಬಂದರೆ ಕಿಣ್ವ ಕೆಲಸವನ್ನೇ ಮಾಡದು. 2017ರ ವರದಿಯೊಂದರ ಪ್ರಕಾರ ಈ ಕೊರತೆ ಅವರಲ್ಲಿ ಇತರರಿಗಿಂತ ಸುಮಾರು 100 ಪಟ್ಟು ಹೆಚ್ಚು. ತಲೆತಲಾಂತರದಿಂದ ಒಳಗೊಳಗೇ ಮದುವೆಯಾಗುತ್ತ ಬಂದದ್ದು ಕಾರಣ. ಅವರು ರೋಗಿಗಳಲ್ಲ. ದಿನನಿತ್ಯದ ಬದುಕಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ನನಗೆ ಕಳವಳ.

ಗೊತ್ತಾಗುವುದು ಆಪರೇಷನ್ ಟೇಬಲ್ಲಿನ ಮೇಲೆ. ಸ್ನಾಯು ಸಡಿಲಿಸಲು ಕೊಡುವ ಸಕ್ಸಿನಿಲ್‌ಕೋಲಿನ್ ಬೇರೆಯವರಲ್ಲಿ ಕೆಲವೇ ನಿಮಿಷಕ್ಕೆ ಇಳಿದರೆ, ಈ ಕೊರತೆ ಇದ್ದವರಲ್ಲಿ ಗಂಟೆಗಟ್ಟಲೆ ಇಳಿಯದು. ಅಷ್ಟು ಹೊತ್ತೂ ಉಸಿರು ಯಂತ್ರದ ಪಾಲು.

ಹಾಗಾದರೆ ಹಲ್ಲಿನ ಇಂಜೆಕ್ಷನ್? ಲಿಗ್ನೋಕೇನ್ ಕರಗುವುದು ಯಕೃತ್ತಿನಲ್ಲಿ, ಈ ಕಿಣ್ವದ ಹಂಗು ಅದಕ್ಕಿಲ್ಲ. ಹೆದರಿ ಹಲ್ಲು ಕೊಳೆಯಲು ಬಿಡಬೇಡಿ. ಆದರೆ 1905ರಲ್ಲಿ ಬಳಕೆಗೆ ಬಂದ ನೊವೊಕೇನ್ ಎಂಬ ಮರಗಟ್ಟಿಸುವ ಮದ್ದು ಇದೇ ಕಿಣ್ವದಿಂದ ಒಡೆಯುವಂಥದ್ದು. ಈಚಿನ ಆರ್ಟಿಕೇನ್ ಬಹುಪಾಲು ರಕ್ತದ ಕಿಣ್ವಗಳಿಂದಲೇ ಒಡೆಯುವುದರಿಂದ, ಕೊರತೆ ಇದ್ದವರಿಗೆ ಕೊಡುವಾಗ ಎಚ್ಚರ ಬೇಕು.

ಇಂಜೆಕ್ಷನ್ ಕೊಟ್ಟರೂ ನೋವು ಹೋಗಲಿಲ್ಲವೇ? ಎಲ್ಲಕ್ಕೂ ವಂಶವನ್ನೇ ದೂರಬೇಕಿಲ್ಲ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ, ಅಲ್ಲಿ ಮದ್ದು ನರದೊಳಗೆ ಇಳಿಯಲು ತಿಣುಕುತ್ತದೆ. ಕೆಳದವಡೆಯ ನರ ಹಾದುಹೋಗುವ ದಾರಿಯೂ ಎಲ್ಲರಲ್ಲಿ ಒಂದೇ ತೆರನಲ್ಲ. ಸಡಿಲ ಕೀಲುಗಳ ಏಲರ್ಸ್-ಡ್ಯಾನ್ಲಾಸ್ ಎಂಬ ಆನುವಂಶಿಕ ಕಾಯಿಲೆಯವರಲ್ಲೂ ಮದ್ದು ಸರಿಯಾಗಿ ಹಿಡಿಯದಿರುವುದುಂಟು. ನೋವು ಎಂದವರನ್ನು ನಾಟಕ ಎನ್ನಬೇಡಿ.

ಕಿಣ್ವದ ಕೊರತೆ ತಿಳಿಯಲು ಸೀರಮ್ ಕೋಲಿನೆಸ್ಟರೇಸ್ ಎಂಬ ರಕ್ತಪರೀಕ್ಷೆ ಸಾಕು. ಹೊಲದ ಕೀಟನಾಶಕ ಮೈಗೇರಿ ಆಸ್ಪತ್ರೆಗೆ ಬಂದವರಿಗೆ ಮಾಡುವುದೂ ಇದೇ ಪರೀಕ್ಷೆ. ಆದ್ದರಿಂದ ಹುಟ್ಟಿನಿಂದ ಕಿಣ್ವ ಕಡಿಮೆ ಇರುವವರ ವರದಿ ನೋಡಿದರೆ ವಿಷ ಸೇರಿದೆಯೇನೋ ಎಂಬ ಅನುಮಾನ ಬರಬಹುದು. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಎಚ್ಚರವಾಗುವುದು, ಉಸಿರು ಮರಳುವುದು ತಡವಾಗಿತ್ತೇ? ಹಲ್ಲಿನ ಕುರ್ಚಿಯಲ್ಲಿ ಕೂರುವ ಮುಂಚೆಯೇ ಆ ಮಾತು ಹೇಳಿ.